ಅಟ್ಟದ ಮೇಲಿನ ಕಾಯಿಗೂ ಕಮಿಷನ್

ನಮ್ಮನೆಯವರು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಮಂಡಿ ಅಂದರೆ, ಇವರು ಕೊಬ್ಬರಿ ಬೆಳೆಯೋರೂ ಅಲ್ಲ, ಕೊಳ್ಳೋರೂ ಅಲ್ಲ. ರೈತ ಚೀಲ ತಂದು ಇವರ ಬಾಗಿಲಿಗೆ ಇಳಿಸುತ್ತಾನೆ, ದೂರದ ಊರಿನ ವ್ಯಾಪಾರಿ ಬಂದು ಕೊಳ್ಳುತ್ತಾನೆ, ನಡುವೆ ಇವರು ದಿಂಬಿಗೆ ಒರಗಿಕೊಂಡು ಕೂತು ಕಮಿಷನ್ ತಗೊಳ್ಳುತ್ತಾರೆ. ನಾನು ಹೀಗೆ ವಿವರಿಸಿದಾಗಲೆಲ್ಲ ಅವರಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ಒರಗಿಕೊಂಡು ಕೂತೋನಿಗೆ ಯಾರಾದ್ರೂ ಕಾಸು ಕೊಡ್ತಾರೇನೆ? ರೈತನಿಗೆ ತೂಕದಲ್ಲಿ ಮೋಸ ಆಗದಂಗೆ, ವ್ಯಾಪಾರಿ ದುಡ್ಡು ಕೊಡದೆ ರೈಲು ಹತ್ತದಂಗೆ ನೋಡ್ಕೊಳೋದು ಯಾರು?" ಅನ್ನೋರು. ಅದೂ ನಿಜವೇ ಅನ್ನಿ. ಆದರೆ ದಿಂಬು ಇದ್ದದ್ದೂ ನಿಜ, ಅದರ ಗವಸನ್ನು ವಾರವಾರ ಒಗೆಯುತ್ತಿದ್ದವಳು ನಾನು.

ನಾನು ಊರಾಚೆ ಇದ್ದ ಕಾಯಿಪುಡಿ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ತೆಂಗಿನಕಾಯಿ ಒಡೆದು, ತುರಿದು, ಒಣಗಿಸಿ ಪ್ಯಾಕೆಟ್ಟಿಗೆ ತುಂಬುವ ಕಾರ್ಖಾನೆ. ಹಾಜರಿ, ಸಂಬಳ, ರಜೆ ಎಲ್ಲ ನನ್ನ ಮೇಜಿನ ಮೇಲೆ. ಹೀಗೆ ಗಂಡ ಒಣ ಕೊಬ್ಬರಿಯಲ್ಲಿ, ಹೆಂಡತಿ ಕಾಯಿಪುಡಿಯಲ್ಲಿ ಹಗಲೆಲ್ಲ ಮುಳುಗಿರುತ್ತಿದ್ದೆವು. ಸಾರಿಗೆ ಅರ್ಧ ಹೋಳು ಹಸಿಕಾಯಿ ಬೇಕಾದರೆ ಮಾತ್ರ ಪಕ್ಕದ ಮನೆಯ ಬಾಗಿಲು ತಟ್ಟಬೇಕಾಗಿತ್ತು.

ನನಗೆ ಕೆಲಸದ ಮೇಲೆ ಇದ್ದ ಪ್ರೀತಿ ಕೆಲಸದ ಮೇಲಿನದಲ್ಲ, ಸಂಬಳದ ಮೇಲಿನದು. ಇದನ್ನು ಹೇಳಿಕೊಳ್ಳೋಕೆ ನನಗೆ ನಾಚಿಕೆಯಿಲ್ಲ. ನನ್ನ ತವರು ಮಾದಿಹಳ್ಳಿ. ಅಮ್ಮ ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದಳು. ಹುಲ್ಲು ಅವಳದು, ಸಗಣಿ ಅವಳದು, ಎಮ್ಮೆಯಿಂದ ಒದೆಸಿಕೊಂಡದ್ದು ಅವಳು, ಡೇರಿ ದುಡ್ಡು ಮಾತ್ರ ಅಪ್ಪನ ಕೈಗೆ. ಅಪ್ಪ ಕೆಟ್ಟವರಲ್ಲ. ಜಿಪುಣರೂ ಅಲ್ಲ. ಆದರೂ ಹಳೇಬೀಡಿನ ಸಂತೆಗೆ ಹೋಗುವ ದಿನ ಅಮ್ಮ ಬೆಳಿಗ್ಗೆಯಿಂದ ಅವರ ಮುಖವನ್ನೇ ನೋಡುತ್ತ ತಿರುಗುತ್ತಿದ್ದಳು. ಕಾಫಿ ಕುಡಿದರಾ, ಯಾರ ಮೇಲಾದರೂ ರೇಗಿದ್ದಾರಾ, ಈಗ ಕೇಳಬಹುದಾ, ಇನ್ನೊಂದು ಗಳಿಗೆ ಬಿಟ್ಟು ಕೇಳೋದಾ. ಬಳೆಗೆ, ಟೀ ಪುಡಿಗೆ, ತಲೆನೋವಿನ ಮಾತ್ರೆಗೆ. ನನಗೆ ಅದನ್ನು ನೋಡಿ ಮೈ ಉರಿದುಹೋಗುತ್ತಿತ್ತು. ಮುದುಕಿಯಾದ ಮೇಲೂ ನನ್ನ ಖರ್ಚು ನನ್ನದೇ ದುಡ್ಡಿನಲ್ಲಿ ನಡೆಯಬೇಕು ಅಂತ ಲಂಗ ಹಾಕುವ ವಯಸ್ಸಿನಲ್ಲೇ ಹಟ ಹಿಡಿದಿದ್ದೆ. ಕೆಲಸ ಇರುವವರೆಗೆ ಯೋಚನೆ ಇರಲಿಲ್ಲ. ಕಾರ್ಖಾನೆ ಕೆಲಸಕ್ಕೆ ಪಿಂಚಣಿ ಇಲ್ಲ, ಐವತ್ತೆಂಟು ದಾಟಿದ ಮೇಲೆ ಏನು ಗತಿ ಅನ್ನೋದೊಂದೇ ಕೊರೆಯುತ್ತಿತ್ತು.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಕಾರ್ಖಾನೆ ಕೈ ಬದಲಾಗಿ ಹೊಸ ಆಡಳಿತ ಬಂದಿತ್ತು. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ಇನ್ನು ಮೇಲೆ ನಿವೃತ್ತಿ ಫಂಡ್ ಶುರು ಮಾಡ್ತೀವಿ ಅಂದರು. ತಿಂಗಳಿಗೆ ನಮ್ಮ ಸಂಬಳದಿಂದ ಇಷ್ಟು, ಕಂಪನಿಯಿಂದ ಅಷ್ಟೇ. ಅದು ಷೇರುಪೇಟೆಯಲ್ಲಿ ಬೆಳೆಯುತ್ತದೆ, ನಿವೃತ್ತಿಯಾದಾಗ ಕೈಗೆ ಬರುತ್ತದೆ. ಒಟ್ಟು ನಾಲ್ಕು ಫಂಡ್ ಇವೆ, ಯಾವುದು ಬೇಕೋ ಆರಿಸಿಕೊಳ್ಳಿ ಅಂದರು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಕನ್ನಡಕದ ಯುವಕ ಗೋಡೆ ಮೇಲೆ ಬೆಳಕು ಬಿಟ್ಟು ಏರುವ ಗೆರೆ, ಇಳಿಯುವ ಗೆರೆ ತೋರಿಸಿದ. ಊಟವಾದ ಹೊತ್ತು, ಫ್ಯಾನಿನ ಗಾಳಿ. ತುರಿಯುವ ವಿಭಾಗದವರು ಎರಡನೇ ಗೆರೆಗೇ ನಿದ್ದೆಗೆ ಜಾರಿದರು, ಪ್ಯಾಕಿಂಗಿನವರು ಮೂರನೆಯದಕ್ಕೆ.

ನಿದ್ದೆ ಬಿಟ್ಟದ್ದು ಏಜೆಂಟರು ಬಂದ ಮೇಲೆ. ನಾಲ್ಕರಲ್ಲಿ ಮೂರು ಫಂಡಿಗೆ ಏಜೆಂಟರಿದ್ದರು. ಒಬ್ಬ ಸ್ಟೀಲ್ ಡಬ್ಬಿ ಕೊಡ್ತೀನಿ ಅಂದ, ಇನ್ನೊಬ್ಬ ಗೋಡೆ ಗಡಿಯಾರ ಅಂದ, ಮೂರನೆಯವನು ಚಪಾತಿ ಬಿಸಿಯಾಗಿಡುವ ಕ್ಯಾಸರೋಲ್ ಎತ್ತಿ ಹಿಡಿದ. ಅಲ್ಲಿಂದಾಚೆ ಆ ಫಂಡುಗಳಿಗೆ ಅವುಗಳ ಸ್ವಂತ ಹೆಸರೇ ಹೊರಟುಹೋಯಿತು. ಡಬ್ಬಿ ಫಂಡ್, ಗಡಿಯಾರದ ಫಂಡ್, ಕ್ಯಾಸರೋಲ್ ಫಂಡ್. ನಾಲ್ಕನೆಯದಕ್ಕೆ ಏಜೆಂಟೂ ಇಲ್ಲ, ಒಂದು ಚಮಚವೂ ಇಲ್ಲ. ಅದಕ್ಕೆ ಬೋಳು ಫಂಡ್ ಅಂತ ನಾಮಕರಣ ಆಯಿತು. ಮೂವತ್ತು ವರ್ಷದ ಬಾಳನ್ನು ಚಪಾತಿ ಬಿಸಿಗೆ ಕಟ್ಟಿಹಾಕಬೇಡ್ರೇ ಅಂತ ನಾನು ಪಕ್ಕದ ಮೇಜಿನವಳಿಗೆ ಹೇಳಿದೆ. "ನಿಮ್ಮನೇಲಿ ಇದೆ, ಅದಕ್ಕೇ ಹಿಂಗೆ ಮಾತಾಡ್ತೀಯ" ಅಂದಳು. ಇತ್ತು, ಒಪ್ಪಿಕೊಳ್ಳಬೇಕಾದ ಮಾತೇ.

ಎಲ್ಲರೂ ಡಬ್ಬಿ ನೋಡುತ್ತಿದ್ದಾಗ ನಾನು ಆ ಕನ್ನಡಕದವನ ಹತ್ತಿರ ಹೋಗಿ, ಈ ಬೋಳು ಫಂಡ್ ಯಾಕೆ ಬೋಳಾಗಿದೆ ಅಂತ ಕೇಳಿದೆ. ಒಬ್ಬರಾದರೂ ಕೇಳಿದರಲ್ಲ ಅಂತ ಅವನಿಗೆ ಜೀವ ಬಂದ ಹಾಗಾಯಿತು. ಉಳಿದ ಮೂರರಲ್ಲಿ ಯಾವ ಕಂಪನಿಯ ಷೇರು ಕೊಳ್ಳೋದು ಅಂತ ಆರಿಸಲು ದೊಡ್ಡ ಸಂಬಳದ ಜನ ಕೂತಿರುತ್ತಾರೆ, ಮಾರಲು ಏಜೆಂಟರಿರುತ್ತಾರೆ. ನಾಲ್ಕನೆಯದು ಯಾರನ್ನೂ ಆರಿಸೋದಿಲ್ಲ. ಪೇಟೆಯ ಪಟ್ಟಿಯಲ್ಲಿರುವ ದೊಡ್ಡ ಕಂಪನಿಗಳನ್ನೆಲ್ಲ ಸ್ವಲ್ಪಸ್ವಲ್ಪ ಕೊಂಡು ಸುಮ್ಮನಿರುತ್ತದೆ. ಹಾಗಾಗಿ ಖರ್ಚು ಕಡಿಮೆ. ಅವು ನೂರಕ್ಕೆ ಎರಡು ರೂಪಾಯಿಗಿಂತ ಮೇಲೆ ಹಿಡಿದುಕೊಂಡರೆ ಇದು ಎಂಟಾಣೆಯ ಆಸುಪಾಸು ಅಂದ.

"ಅಷ್ಟೇನಾ?" ಅಂದೆ. ಎರಡು ರೂಪಾಯಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ.

"ಪ್ರತಿ ವರ್ಷ ಮೇಡಂ" ಅಂದ.

"ಆ ವರ್ಷ ಕಟ್ಟಿದ್ದರ ಮೇಲೆ ತಾನೆ?"

"ಅಲ್ಲ. ಅಲ್ಲಿವರೆಗೆ ಸೇರಿರೋ ಇಡೀ ರಾಶಿ ಮೇಲೆ. ಲಾಭ ಬಂದರೂ ಹಿಡೀತಾರೆ, ನಷ್ಟ ಬಂದರೂ ಹಿಡೀತಾರೆ. ನಿಮ್ಮ ಚೀಟಿಯಲ್ಲಿ ಅದು ಬೇರೆಯಾಗಿ ಕಾಣಿಸೋದೂ ಇಲ್ಲ. ಒಳಗೊಳಗೇ ಹೋಗಿರುತ್ತೆ."

ಆಮೇಲೆ ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಆ ಎರಡು ರೂಪಾಯಿ ಎಷ್ಟು ದೊಡ್ಡ ತುತ್ತು ಆಗುತ್ತದೆ ಅಂತ ಒಂದು ಕಾಗದದ ಮೇಲೆ ಬರೆದು ತೋರಿಸಿದ. ನಾನು ಆ ಕಾಗದವನ್ನು ನನ್ನ ಕಡೆ ಎಳೆದುಕೊಂಡೆ. ಕೊನೆಗೆ ಉಳಿಯುವ ರಾಶಿಯಲ್ಲಿ ಮೂರನೇ ಒಂದು ಭಾಗದ ಹತ್ತಿರ ಹತ್ತಿರ ಆ ಮೂರು ಫಂಡಿನವರ ಹೊಟ್ಟೆಗೆ ಹೋಗುತ್ತಿತ್ತು. ಅಂದರೆ ನಾನು ಮುದುಕಿಯಾದಾಗ ವರ್ಷದಲ್ಲಿ ನಾಲ್ಕು ತಿಂಗಳು ಗಂಡನ ಮುಖ ನೋಡುತ್ತ ತಿರುಗಬೇಕು. ಒಂದು ಕ್ಯಾಸರೋಲಿಗೆ.

ಮನೆಗೆ ಬಂದು ಬೋಳು ಫಂಡ್ ಆರಿಸ್ತೀನಿ ಅಂತ ಹೇಳಿದೆ. ನಮ್ಮನೆಯವರು ಊಟ ಮಾಡುತ್ತಿದ್ದ ಕೈ ನಿಲ್ಲಿಸಿದರು. ಕಮಿಷನ್ ತಗೊಳ್ಳೋರೇ ಇಲ್ಲದ ವ್ಯಾಪಾರ ಅಂದರೆ ಅವರ ಪಾಲಿಗೆ ಮನೆ ದೇವರನ್ನೇ ಬೈದ ಹಾಗೆ.

"ಕಮಿಷನ್ ಕಮ್ಮಿ ಅಂದ್ರೆ ಎಲ್ಲೋ ತೂಕದಲ್ಲಿ ಹೊಡೀತಾನೆ ಕಣೇ" ಅಂದರು. "ನಮ್ಮ ಬೀದೀಲಿ ಒಬ್ಬ ಇದ್ದ. ಎಲ್ಲರಿಗಿಂತ ಅರ್ಧ ಕಮಿಷನ್. ಜನ ಮುಗಿಬಿದ್ದು ಹೋದ್ರು. ಆಮೇಲೆ ನೋಡಿದ್ರೆ ತಕ್ಕಡೀಲೇ ಕೈಚಳಕ."

"ಇಲ್ಲಿ ತಕ್ಕಡಿ ಇಲ್ಲ ಕಣ್ರೀ."

"ಅದೇ ನಾ ಹೇಳೋದು. ತಕ್ಕಡಿ ಇಲ್ಲ, ದಲ್ಲಾಳಿ ಇಲ್ಲ. ನಾಳೆ ದುಡ್ಡು ಮುಳುಗಿದ್ರೆ ಕತ್ತಿನ ಪಟ್ಟಿ ಹಿಡಿಯಕ್ಕೆ ಒಬ್ಬ ಮನುಷ್ಯ ಬೇಡವಾ?"

ಇದು ಅವರ ವಾದದ ತಳಪಾಯ. ಲೋಕದಲ್ಲಿ ಯಾವ ವ್ಯವಹಾರವೇ ಆಗಲಿ, ಹಿಡಿಯೋಕೆ ಒಂದು ಕತ್ತಿನ ಪಟ್ಟಿ ಇರಬೇಕು. ಅವರ ಪಟ್ಟಿಯನ್ನೂ ರೈತರು ಆಗಾಗ ಹಿಡಿದಿದ್ದಾರೆ, ಆ ಶರಟಿನ ಗುಂಡಿ ಹೊಲಿದುಕೊಟ್ಟವಳು ನಾನೇ. ದುಡ್ಡು ನಂದು, ಪಟ್ಟಿ ಯಾರದ್ದು ಬೇಕೋ ನಾನು ನೋಡ್ಕೋತೀನಿ ಅಂದೆ. ಅವರು ಮುಖ ಊದಿಸಿಕೊಂಡು ಮಜ್ಜಿಗೆ ಕುಡಿಯದೆ ಎದ್ದರು.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಬೇಲೂರಿನಲ್ಲಿ ನನ್ನ ಅಕ್ಕ ಇದ್ದಳು. ಅವಳ ಮಗಳಿಗೆ ಆಗ ಮದುವೆಯಾಗಿ ಎರಡು ವರ್ಷ. ಅಳಿಯ ಒಳ್ಳೆ ಮನೆತನದ ಹುಡುಗ, ಮೊದಲು ಪಂಪ್‌ಸೆಟ್ ಮಾರುತ್ತಿದ್ದ, ಈಗ ಏಜೆಂಟ್ ಆಗಿದ್ದ. ಯಾವ ಫಂಡಿಗೆ ಅಂತ ಬೇರೆ ಹೇಳಬೇಕೆ, ಕ್ಯಾಸರೋಲ್. ನಮ್ಮ ಕಾರ್ಖಾನೆಯಲ್ಲಿ ಸಭೆ ನಡೆದ ಸುದ್ದಿ ನಾನು ಮನೆ ತಲುಪುವ ಮುಂಚೆಯೇ ಬೇಲೂರು ತಲುಪಿತ್ತು. ಮಾರನೇ ದಿನ ಸಂಜೆ ಮಂಡಿಯ ಫೋನಿಗೆ ಅಕ್ಕನ ಕರೆ, ನನ್ನನ್ನೇ ಕರೆಸಿ ಮಾತಾಡಿದಳು.

"ಅಳಿಯ ಮೊದಲನೇ ಸಲ ಬಾಯಿಬಿಟ್ಟು ಕೇಳ್ತಿದ್ದಾನೆ ಕಣೇ. ಇಲ್ಲ ಅನ್ನಬೇಡ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹೊಸ ಅಳಿಯ ಮದುವೆಯಲ್ಲಿ ಏನೂ ಕೇಳದೆ, ಆಮೇಲೆ ತಾನಾಗಿ ಒಂದು ಕೇಳಿದರೆ ಅದನ್ನು ನಡೆಸಿಕೊಡಬೇಕು. ನಡೆಸದಿದ್ದರೆ ಅವಮಾನ ಅಳಿಯನಿಗಲ್ಲ, ಹೆಣ್ಣು ಕೊಟ್ಟ ಮನೆಗೆ. ಸೈಕಲ್ ಕೇಳಿದವರಿದ್ದಾರೆ, ವಾಚು ಕೇಳಿದವರಿದ್ದಾರೆ. ನಮ್ಮ ಅಳಿಯ ಕೇಳಿದ್ದು ನನ್ನ ಮುಪ್ಪನ್ನು. ನಮ್ಮನೆಯವರಿಗೆ ಖುಷಿಯೋ ಖುಷಿ. ಏಜೆಂಟೂ ಆಯಿತು, ನೆಂಟನೂ ಆಯಿತು, ಕತ್ತಿನ ಪಟ್ಟಿಯಂತೂ ಮನೆಯಲ್ಲೇ ಸಿಕ್ಕಿತು.

ಆ ತಿಂಗಳೇ ಬೇಲೂರಿನಲ್ಲಿ ಅಕ್ಕನ ಮೊಮ್ಮಗುವಿನ ನಾಮಕರಣ. ಹೋಗಲೇಬೇಕು. ದೇವಸ್ಥಾನದ ಹಿಂದಿನ ಬೀದಿಯ ಮನೆ, ಹಜಾರದ ತುಂಬ ಎಲೆ ಹಾಕಿದ್ದರು. ಅಳಿಯ ತಾನೇ ಟವೆಲು ಸುತ್ತಿಕೊಂಡು ಹೋಳಿಗೆ ಬಡಿಸೋಕೆ ನಿಂತಿದ್ದ. ನನ್ನ ಎಲೆ ಮುಂದೆ ಬಂದವನು ಎರಡು ಹೋಳಿಗೆ ಹಾಕಿ, ತುಪ್ಪ ಸುರಿದು, ಮೆಲ್ಲಗೆ ಬಗ್ಗಿ, "ಅತ್ತೆ, ನಿಮಗೇನೂ ತೊಂದರೆ ಇಲ್ಲ. ಫಾರಂ ಎಲ್ಲ ತುಂಬಿಸಿ ಇಟ್ಟಿದ್ದೀನಿ. ನೀವು ಕೈ ತೊಳ್ಕೊಂಡು ಸೈನ್ ಹಾಕೋದೊಂದೇ" ಅಂದ.

ಕೈ ತೊಳೆದ ಮೇಲೆ ತಾನೆ. ನಾನು ಇನ್ನೆರಡು ಹೋಳಿಗೆ ಹಾಕಿಸಿಕೊಂಡೆ. ಪಂಕ್ತಿಯವರೆಲ್ಲ ಎದ್ದರು, ನಾನು ಏಳಲಿಲ್ಲ. ಉಂಡ ಕೈಯಲ್ಲಿ ಪೆನ್ನು ಹಿಡಿ ಅಂತ ಯಾರೂ ಹೇಳುವ ಹಾಗಿಲ್ಲ, ಊಟಕ್ಕೆ ಕೂತವಳನ್ನು ಎಬ್ಬಿಸುವ ಹಾಗೂ ಇಲ್ಲ. ಎರಡನೇ ಪಂಕ್ತಿಯವರು ಬಂದು ನನ್ನ ಅಕ್ಕಪಕ್ಕ ಕೂತರು. ಅವರ ಜೊತೆಗೂ ತಿಂದೆ. ಎದುರು ಸಾಲಿನಲ್ಲಿ ಮೀಸೆ ಒರೆಸಿಕೊಳ್ಳುತ್ತಿದ್ದ ನಮ್ಮನೆಯವರು ಕಣ್ಣಿನಲ್ಲೇ ಹಾಕಿಬಿಡೇ ಅಂತ ಸನ್ನೆ ಮಾಡುತ್ತಿದ್ದರು. ಅಕ್ಕ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಏನೇ ಇದು, ಮನೇಲಿ ಅಡುಗೆ ಮಾಡಲ್ವೇನೆ?" ಅಂದಳು. ನನ್ನ ಜೀವಮಾನದಲ್ಲಿ ಅಷ್ಟು ಹೋಳಿಗೆ ಅದಕ್ಕೆ ಮುಂಚೆ ತಿಂದಿಲ್ಲ, ಆಮೇಲೂ ತಿಂದಿಲ್ಲ. ಕೊನೆಗೆ ಯಾರೋ ಅರಸೀಕೆರೆ ಬಸ್ಸಿಗೆ ಹೊತ್ತಾಯಿತು ಅಂದರು. ಕೈ ತೊಳೆದ ನೀರು ಆರುವ ಮುಂಚೆ ಮಗುವಿನ ಕೈಗೆ ಕಾಣಿಕೆ ಇಟ್ಟು, ಮುಂದಿನ ಸಲ ನೋಡೋಣಪ್ಪ ಅಂತ ಅಳಿಯನಿಗೆ ಹೇಳಿ, ಆಟೋ ಹತ್ತಿಬಿಟ್ಟೆ.

ಬಸ್ಸಿನಲ್ಲಿ ನಮ್ಮನೆಯವರು ಕಿಟಕಿ ಕಡೆ ತಿರುಗಿ ಕೂತರು. ಹೆಣ್ಣು ಕೊಟ್ಟ ಮನೆಯ ಮರ್ಯಾದೆ ಕಳೆದೆ ಅಂತ ಅವರ ಬೆನ್ನೇ ಹೇಳುತ್ತಿತ್ತು. ನನಗೆ ಹೋಳಿಗೆ ಗಂಟಲವರೆಗೆ ಬಂದಿತ್ತು, ಸಿಟ್ಟು ಅದರ ಮೇಲೆ. ಹಳೇಬೀಡು ದಾಟಿದ ಮೇಲೆ ತಡೆಯಲಾಗಲಿಲ್ಲ.

"ರೀ, ಒಂದು ಕೇಳ್ತೀನಿ. ಒಬ್ಬ ರೈತ ಕಾಯಿ ಕಿತ್ತು ಕೊಬ್ಬರಿ ಆಗ್ಲಿ ಅಂತ ಅಟ್ಟಕ್ಕೆ ಹಾಕಿದ್ದಾನೆ. ಇನ್ನೂ ಮಾರಿಲ್ಲ. ನೀವು ಅವನ ಮನೆಗೆ ಹೋಗಿ ಅಟ್ಟ ಹತ್ತುತೀರಾ?"

"ನಾನ್ಯಾಕೆ ಹತ್ತಲಿ?"

"ನಿಮ್ಮ ಕಮಿಷನ್ ಅಂತ ನೂರಕ್ಕೆ ಎರಡು ಕಾಯಿ ಎತ್ಕೊಂಡು ಇಳಿಯೋಕೆ."

"ಮಾರದೆ ಇರೋ ಕಾಯಿಗೆ ಎಂಥ ಕಮಿಷನ್ನೇ? ಮಾಲು ಮಂಡಿಗೆ ಬಂದು, ತೂಕ ಆಗಿ, ದುಡ್ಡು ಕೈಗೆ ಬಂದಾಗ ಒಂದು ಸಲ. ಅದು ನ್ಯಾಯ."

"ನಿಮ್ಮ ಅಳಿಯನ ಫಂಡಿನವರು ವರ್ಷವರ್ಷ ಅಟ್ಟ ಹತ್ತುತಾರೆ."

ಅವರು ಮತ್ತೆ ಕಿಟಕಿ ಕಡೆ ತಿರುಗಿದರು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೊಂಡರು. ನನಗೆ ಕೊಡಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಸಿಪ್ಪೆ ಸುಲಿಯುತ್ತ, ಸುಲಿಯುತ್ತ, ಬಾಣಾವರ ಬರುವ ಹೊತ್ತಿಗೆ ನನ್ನ ಕಡೆ ತಿರುಗಿದರು.

"ಹೋದ ವರ್ಷದ ಕಾಯಿಗೂನಾ?"

"ಹೋದ ವರ್ಷದ್ದಕ್ಕೂ, ಅದರ ಹಿಂದಿನ ವರ್ಷದ್ದಕ್ಕೂ. ಅಟ್ಟದ ಮೇಲೆ ಎಷ್ಟಿದ್ಯೋ ಅಷ್ಟಕ್ಕೂ."

"ರೇಟು ಬಿದ್ದು ನಷ್ಟ ಆದ ವರ್ಷ?"

"ಆವಾಗಲೂ."

"ರೈತನಿಗೆ ಹೇಳಿ ತಗೋತಾರಾ?"

"ಏನೂ ಹೇಳಲ್ಲ. ಒಳಗೊಳಗೇ."

ನಮ್ಮನೆಯವರ ಮುಖ ಕೆಂಪಗಾಯಿತು. ಸಿಪ್ಪೆಯನ್ನೆಲ್ಲ ಕಿಟಕಿಯಾಚೆ ಎಸೆದು, ಇಡೀ ಬಸ್ಸಿಗೆ ಕೇಳುವ ಹಾಗೆ, "ಥೂ, ಅದು ದಲ್ಲಾಳಿ ಅಲ್ಲ ಕಣೇ, ಇಲಿ" ಅಂದರು. ಮುಂದಿನ ಸೀಟಿನವರು ಕಾಲೆತ್ತಿಕೊಂಡರು.

ಆಮೇಲೆ ಬೋಳು ಫಂಡಿನವನು ಏನೂ ತಗೊಳ್ಳಲ್ವಾ ಅಂತ ಕೇಳಿದರು. ಅರ್ಧ ಕಾಯಿ ತಗೋತಾನೆ ಅಂದೆ. "ಅದು ಕಾವಲಿನ ಕೂಲಿ. ತಗೊಳ್ಳಲಿ" ಅಂದರು. ನಾನು ವಾರಗಟ್ಟಲೆ ಬಾಯಿ ನೋಯಿಸಿಕೊಂಡು ಹೇಳಿದ್ದು ಅವರ ತಲೆಗೆ ಹತ್ತಿರಲಿಲ್ಲ. ತಮ್ಮ ಕಸುಬಿಗೆ ಯಾರೋ ಕೆಟ್ಟ ಹೆಸರು ತರುತ್ತಿದ್ದಾರೆ ಅಂದ ಕೂಡಲೇ ಹತ್ತಿತು. ಅರಸೀಕೆರೆ ಬರುವವರೆಗೂ ಅವರೇ ನನಗೆ ಬೋಳು ಫಂಡಿನ ಗುಣಗಾನ ಮಾಡಿದರು, ನಾನು ಆವತ್ತೇ ಮೊದಲ ಸಲ ಕೇಳಿದವಳ ಹಾಗೆ ಹೂಂಗುಟ್ಟಿದೆ.

ಇನ್ನು ಅಳಿಯನಿಗೆ ಏನು ಹೇಳೋದು? ಇಲ್ಲ ಅನ್ನುವ ಹಾಗಿಲ್ಲ, ಹೂಂ ಅನ್ನುವ ಹಾಗಿಲ್ಲ. ಇಲ್ಲಿ ಮಾತ್ರ ನಾನು ಮಂಡಿಯವರ ಬುದ್ಧಿಗೆ ಕೈ ಮುಗಿಯಬೇಕು. ಆ ಸಲ ದೀಪಾವಳಿಗೆ ಅಕ್ಕನ ಮಗಳನ್ನೂ ಅಳಿಯನನ್ನೂ ನಮ್ಮ ಮನೆಗೇ ಕರೆದರು. ಎಣ್ಣೆ ಸ್ನಾನ, ಒಬ್ಬಟ್ಟಿನ ಊಟ. ಊಟವಾದ ಮೇಲೆ ಅಳಿಯ ಬ್ಯಾಗಿನಿಂದ ಅದೇ ಫಾರಂ ತೆಗೆದು ಬಿಡಿಸಿದ. ನಮ್ಮನೆಯವರು ಅದರ ಮೇಲೆ ತಾಂಬೂಲದ ತಟ್ಟೆ ಇಟ್ಟರು. ತಟ್ಟೆಯಲ್ಲಿ ಜರಿಯಂಚಿನ ಪಂಚೆ, ಶಲ್ಯ. ಪಕ್ಕಕ್ಕೆ ಒಂದು ಚೀಲ ಆರಿಸಿದ ಉಂಡೆ ಕೊಬ್ಬರಿ.

ಅಳಿಯ ತಟ್ಟೆ ನೋಡಿದ, ತಟ್ಟೆಯ ಕೆಳಗಿನ ಫಾರಂ ನೋಡಿದ. "ಮಾವ, ಅಂದ್ರೆ ಸೈನ್ ಇಲ್ವಾ?" ಅಂದ.

"ಸೈನ್ ಇಲ್ಲಪ್ಪ. ಪಂಚೆ ಐತೆ. ನಾವಿರೋಗಂಟ ವರ್ಷಾವರ್ಷ ಐತೆ."

ಅಳಿಯ ಪಂಚೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿದ. ಆಮೇಲೆ ಬಹಳ ಪ್ರಾಮಾಣಿಕವಾಗಿ, "ಕಂಪನಿಯವರು ಮೊದಲನೇ ವರ್ಷ ಮಾತ್ರ ನಮಗೆ ಚೆನ್ನಾಗಿ ಕೊಡೋದು ಮಾವ. ಆಮೇಲೆ ಅಷ್ಟಕ್ಕಷ್ಟೆ" ಅಂದು ಪಂಚೆಯನ್ನು ಮಡಿಲಿಗೆ ಎಳೆದುಕೊಂಡ. ಅಳಿಯ ಬರಿಗೈಲಿ ಹೋಗಲಿಲ್ಲ, ಹೆಣ್ಣು ಕೊಟ್ಟವರ ಮಾನ ಉಳಿಯಿತು. ಪಂಚೆಗೆ ಜರಿ ಎಷ್ಟೇ ಅಗಲ ಹಾಕಿಸಿದರೂ ಆ ಫಂಡಿನವರು ಒಳಗೊಳಗೆ ಹಿಡಿಯುತ್ತಿದ್ದುದಕ್ಕಿಂತ ನಮಗೆ ಅಗ್ಗವೇ ಬೀಳುತ್ತಿತ್ತು. ಅಕ್ಕ ಕೆಲವು ದಿನ ಮೂಗು ಮುರಿದಳು. ಅಳಿಯ ಊರಲ್ಲೆಲ್ಲ ಆ ಪಂಚೆ ಉಟ್ಟು ತಿರುಗಿದ ಮೇಲೆ ಅವಳೂ ಸುಮ್ಮನಾದಳು.

ನಾನು ಬೋಳು ಫಂಡಿಗೆ ಸಹಿ ಹಾಕಿದೆ. ಇಡೀ ಕಾರ್ಖಾನೆಯಲ್ಲಿ ನನ್ನ ಜೊತೆಗೆ ಇದ್ದದ್ದು ಬಾಯ್ಲರಿನವನೊಬ್ಬ. ಅವನೂ ತಪ್ಪು ಜಾಗದಲ್ಲಿ ಗೆರೆ ಎಳೆದು ಸಿಕ್ಕಿಹಾಕಿಕೊಂಡವನು. ಪಕ್ಕದ ಮೇಜಿನವಳು ಮಧ್ಯಾಹ್ನ ಕ್ಯಾಸರೋಲಿನ ಮುಚ್ಚಳ ತೆಗೆದು, ಹಬೆ ನನ್ನ ಕಡೆ ಬರುವ ಹಾಗೆ ತಿರುಗಿಸಿ, "ನಿನ್ನ ಫಂಡಿನಿಂದ ಏನು ಬಂತೇ?" ಅಂತ ಕೇಳೋಳು. "ಪಂಚೆ ಹೋಯ್ತು" ಅಂತ ನಾನು ನಿಜ ಹೇಳಿದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಆಮೇಲೆ ವರ್ಷಗಟ್ಟಲೆ ಮಾಡೋಕೆ ಕೆಲಸವೇ ಇರಲಿಲ್ಲ. ತಿಂಗಳಿಗೊಮ್ಮೆ ಹಿಡಿದುಕೊಳ್ಳೋರು, ವರ್ಷಕ್ಕೊಮ್ಮೆ ಒಂದು ಕಾಗದ ಬರೋದು. ನನಗೇ ಬೇಜಾರು ಬಂದುಬಿಡುತ್ತಿತ್ತು. ನಮ್ಮನೆಯವರಿಗೆ ಮಾತ್ರ ಅದು ತಮ್ಮದೇ ಮಾಲು ಅನ್ನೋ ಹಾಗೆ ಆಗಿತ್ತು. ಹರಾಜು ಮುಗಿಸಿ ಬಂದು ಚಪ್ಪಲಿ ಬಿಡುತ್ತ, "ಏನೇ, ನಿನ್ನ ಕಾಯಿ ಹೆಂಗವೆ?" ಅನ್ನೋರು.

ಒಂದು ವರ್ಷ ಕಾಯಿ ಕೆಟ್ಟೇಹೋದವು ಅನ್ನಿಸಿತು. ದೇಶದಾಚೆ ಎಲ್ಲೋ ಬ್ಯಾಂಕುಗಳು ಮುಳುಗಿ, ಷೇರುಪೇಟೆ ದಿನಾ ಬೀಳತೊಡಗಿತು. ಆ ವರ್ಷದ ಕಾಗದವನ್ನು ಎರಡೆರಡು ಸಲ ಓದಿದೆ. ಕೂಡಿಟ್ಟಿದ್ದರಲ್ಲಿ ಅರ್ಧಕ್ಕರ್ಧ ಕರಗಿದ ಹಾಗೆ ಕಾಣುತ್ತಿತ್ತು. ಕಾರ್ಖಾನೆಯಲ್ಲಿ ಗುಲ್ಲೋ ಗುಲ್ಲು. ಏಜೆಂಟರಿಗೆ ಫೋನ್ ಮಾಡಿದರೆ ಎತ್ತೋರೇ ಇಲ್ಲ. ಎಲ್ಲರೂ ಬಡ್ಡಿ ಬರುವ ಖಾತೆಗೆ ಬದಲಾಯಿಸಿಕೊಳ್ಳುತ್ತಿದ್ದರು. ನಾನೂ ಬದಲಾಯಿಸುವ ಚೀಟಿ ತುಂಬಿ ಬ್ಯಾಗಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಆವತ್ತು ನಿಜವಾಗಿ ಅತ್ತೆ. ಅಮ್ಮ ಅಪ್ಪನ ಮುಖ ನೋಡುತ್ತ ತಿರುಗುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಾಗಿ, ಇಷ್ಟೆಲ್ಲ ಹಾರಾಡಿ ನಾನೂ ಅಲ್ಲಿಗೇ ಬಂದೆನಲ್ಲ ಅನ್ನಿಸಿತು.

ನಮ್ಮನೆಯವರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಬಿದ್ದಿರೋದು ರೇಟು ತಾನೆ? ಕಾಯಿ ಎಣಿಕೆ ಕಮ್ಮಿ ಆಗೈತಾ?"

ನೋಡಿದೆ. ಫಂಡಿನಲ್ಲಿ ನನ್ನ ಹೆಸರಿಗಿದ್ದ ಪಾಲುಗಳ ಎಣಿಕೆ ಕಡಿಮೆಯಾಗಿರಲಿಲ್ಲ, ಜಾಸ್ತಿಯೇ ಆಗಿತ್ತು. ರೇಟು ಬಿದ್ದದ್ದರಿಂದ ಪ್ರತಿ ತಿಂಗಳೂ ಅದೇ ದುಡ್ಡಿಗೆ ಇನ್ನಷ್ಟು ಪಾಲು ಬರುತ್ತಿತ್ತು.

"ರೇಟು ಬಿದ್ದಾಗ ಕೊಬ್ಬರಿ ಇಳಿಸೋರು ಯಾರು ಗೊತ್ತಾ? ಮನೇಲಿ ಮದುವೆ ಇರೋರು, ಕಾಯಿಲೆ ಇರೋರು. ಪಾಪ, ಅವರಿಗೆ ದಾರಿ ಇಲ್ಲ. ನಿಂಗೆ ತಿಂಗಳಾದ್ರೆ ಸಂಬಳ ಬತ್ತೈತೆ. ಇಳಿಸೋ ದರ್ದು ಏನೈತೆ ನಿಂಗೆ?"

ನನಗೆ ಬುದ್ಧಿ ಹೇಳಿದರಲ್ಲ ಅಂತ ಸಿಟ್ಟು ಬಂತು. ಚೀಟಿ ಹರಿದು ಒಲೆಗೆ ಹಾಕಿದೆ, ಅದೂ ಸಿಟ್ಟಿನಲ್ಲೇ. ಪೇಟೆ ನಿಧಾನವಾಗಿ ಮೇಲೆದ್ದಿತು. ಇವತ್ತು ನಾನು ನಿವೃತ್ತಳಾಗಿ ಮನೆಯಲ್ಲಿದ್ದೇನೆ. ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ನನ್ನದೇ ದುಡ್ಡು ತೆಗೆದುಕೊಂಡು, ಬೇಡದ ಸೀರೆಯೊಂದನ್ನು ಕೊಂಡು, ಯಾರಿಗೂ ಬೆಲೆ ಹೇಳದೆ ಬೀರುವಿನಲ್ಲಿ ಇಡುತ್ತೇನೆ. ಅದರ ಸುಖ ನನಗೇ ಗೊತ್ತು.

ಆದರೆ ನಾನು ಹೇಳಬೇಕಾದ ವಿಷಯ ಆ ಬೀಳಾಟ ಮುಗಿದು ಒಂದೆರಡು ವರ್ಷಕ್ಕೆ ನಡೆದದ್ದು. ಮಂಡಿಯ ವ್ಯಾಪಾರ ಆಗಲೇ ಸೊರಗಿತ್ತು. ತೆಂಗಿಗೆ ನುಸಿ ಬಿದ್ದು ಕಾಯಿ ಸಣ್ಣಗಾಗಿದ್ದವು. ಕೊಳ್ಳುವವರು ಲಾರಿ ತಂದು ರೈತರ ಮನೆ ಬಾಗಿಲಲ್ಲೇ ತೂಕ ಹಾಕಿಸಿಕೊಳ್ಳೋಕೆ ಶುರು ಮಾಡಿದ್ದರು. ನಮ್ಮನೆಯವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಯಾವತ್ತಿನ ಹಾಗೆ ಹೋಗಿ ದಿಂಬಿಗೆ ಒರಗಿ ಕೂತು ಬರೋರು.

ಒಂದ್ಸಲ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಕಾಫಿ ಆಯ್ತಾ ಅಂದರು, ಆಗಲೇ ಕುಡಿದಿದ್ದರು. ನೀರು ಬಂತಾ ಅಂದರು. ಅಳಿಯನಿಗೆ ಈ ಸಲ ಯಾವ ಬಣ್ಣದ ಅಂಚು ಅಂದರು. ದೀಪಾವಳಿ ಇನ್ನೂ ಎಲ್ಲೋ ಇತ್ತು. ಆಮೇಲೆ, "ಈಗ ಸಂಬಳ ಇಲ್ಲದೋರಿಗೂ, ನಮ್ಮಂಥ ಹೊರಗಿನೋರಿಗೂ ಅಂಥ ಫಂಡ್ ಮಾಡವ್ರಂತಲ್ಲ. ಏಜೆಂಟ್ ಇಲ್ಲದ್ದು" ಅಂದರು.

ನನಗೆ ಇಂಥ ಹಬ್ಬ ಸಿಕ್ಕಿದರೆ ಬಿಡುತ್ತೀನಾ? "ಅಯ್ಯೋ, ಕೊಬ್ಬರಿ ಮಂಡಿ ಯಜಮಾನ್ರು ಕಮಿಷನ್ ಇಲ್ಲದ ಅಂಗಡಿಗೆ ಬಂದ್ರಾ" ಅಂತ ಶುರು ಮಾಡಿದೆ. ಅವರು ನಗಲಿಲ್ಲ. ತಿರುಗಿ ಬೈಯಲೂ ಇಲ್ಲ.

"ಮಂಡಿ ಇನ್ನು ಜಾಸ್ತಿ ದಿನ ನಡೆಯಲ್ಲ ಕಣೇ" ಅಂದರು.

ರೊಟ್ಟಿ ಹಂಚಿನ ಮೇಲೆ ಸೀದುಹೋಗುತ್ತಿತ್ತು. ತಿರುವಿ ಹಾಕಿದೆ. "ನಡೆಯದಿದ್ರೆ ಏನಾಯ್ತು ಈಗ? ನನ್ನ ಸಂಬಳ ಇದೆ. ಆಮೇಲೆ ನನ್ನ ಫಂಡ್ ಇದೆ. ನೀವು ಕೇಳಿದ್ರೆ ನಾನು ಇಲ್ಲ ಅಂತೀನಾ?" ಅಂತ ರೇಗಿದೆ. ಪ್ರೀತಿ ಬಂದಾಗ ನನಗೆ ರೇಗುವುದೊಂದೇ ಗೊತ್ತು.

"ಇಲ್ಲ ಅನ್ನಲ್ಲ ನೀನು" ಅಂದರು. "ಕೇಳಬೇಕಲ್ಲ."

ನಾನು ಒಲೆ ಆರಿಸಿದೆ. ಈ ಭಯ ಹೆಂಗಸರಿಗೆ ಮಾತ್ರ ಇರೋದು ಅಂತ ತಿಳಿದುಕೊಂಡಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಉಪ್ಪಿನಕಾಯಿ ಹಂಚಿಕೊಂಡು ಉಂಡಿದ್ದೇವೆ. ನಾನು ಅವರ ಮುಂದೆ ನಿಲ್ಲಬಾರದು ಅಂತ ಒಂದು ರೂಪಾಯಿಯನ್ನೂ ಬಿಡದೆ ಕೂಡಿಟ್ಟೆ. ಒಂದು ದಿನ ಅವರು ನನ್ನ ಮುಂದೆ ನಿಲ್ಲಬೇಕಾಗಬಹುದು, ಅದು ಅವರಿಗೂ ಇಷ್ಟೇ ಕಷ್ಟವಾಗಬಹುದು ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಆ ವಾರವೇ ಅವರ ಹೆಸರಿನಲ್ಲಿ ಫಂಡ್ ತೆರೆಯೋಕೆ ಇಬ್ಬರೂ ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿ ಮೊದಲನೇ ಕಂತು ಎಷ್ಟು ಕಟ್ಟುತ್ತೀರಿ ಅಂತ ಕೇಳಿದಳು. ಅವರು ಜೇಬಿನಿಂದ ನೋಟು ತೆಗೆದು ಎಣಿಸತೊಡಗಿದರು. ಬಹಳ ಇರಲಿಲ್ಲ. ಉಳಿದದ್ದು ನಾನು ಹಾಕ್ತೀನಿ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡು, ಬ್ಯಾಗನ್ನು ಹಿಂದಕ್ಕೆ ಸರಿಸಿಕೊಂಡು, ಅವರು ಎಣಿಸಿ ಮುಗಿಸುವವರೆಗೆ ಬಾಗಿಲ ಕಡೆ ನೋಡುತ್ತ ನಿಂತೆ.